ಅತ್ತೆಯ ಗಂಟಲಿಗೆ ಬೇಲದ ಅಂಟು

ನಮ್ಮ ಅತ್ತೆಯ ಬಾಯಿಗೆ ಕಾಡುಹಂದಿಗಳು ಹೆದರಿ ಓಡುತ್ತವೆ. ಸೊಸೆಯಾದವಳು ಹೀಗೆ ಬರೆದರೆ ಓದುವವರ ತುಟಿಯ ಮೇಲೆ ಒಂದು ನಗು ಬರುತ್ತದೆಂದು ನನಗೆ ಗೊತ್ತು. ‘ಪಾಪ, ಈ ಹೆಣ್ಣಿಗೆ ಅದೇನು ಕಷ್ಟವೋ!’ ಎಂದು ನೀವು ಮರುಗುವ ಮೊದಲೇ ಹೇಳಿಬಿಡುತ್ತೇನೆ, ನಾನು ಚಾಡಿ ಹೇಳುತ್ತಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ನಿಜವಾದ ಹಂದಿ, ನಿಜವಾದ ಕೋರೆ, ನಿಜವಾದ ಓಟ! ಹಾಗೆ ಓಡಿಸಬಲ್ಲ ಅತ್ತೆ ನಿಮ್ಮ ಮನೆಯಲ್ಲಿದ್ದರೆ ಕೈ ಎತ್ತಿ. ಯಾರೂ ಇಲ್ಲ ತಾನೆ? ಹಾಗಿದ್ದರೆ ಸುಮ್ಮನೆ ಕೇಳಿ.

ಮದುವೆಯಾಗಿ ಚಾಮರಾಜನಗರದಿಂದ ಈ ತಾಳವಾಡಿ ಸೀಮೆಗೆ ಬಂದ ಮೊದಲ ದಿನ ನಡುಮನೆಯಲ್ಲಿ ತಲೆ ಬಗ್ಗಿಸಿಕೊಂಡು ಕೂತಿದ್ದೆ. ಒಳಗಿನಿಂದ ಒಂದು ಕೂಗು ಬಂತು ನೋಡಿ, ಯಾರೋ ಬಾವಿಗೆ ಬಿದ್ದರು ಅಂತಲೇ ಎದ್ದು ಓಡಿದೆ. ಅಡುಗೆಮನೆಯಲ್ಲಿ ಅತ್ತೆ ಸೌಟು ಹಿಡಿದುಕೊಂಡು ನಿಂತಿದ್ದರು. ‘ಉಪ್ಪು ಸಾಕಾ ನೋಡವ್ವ’ ಅಂತ ಕೇಳಿದ್ದಂತೆ ಅವರು. ಅದೂ ಹೊಸ ಸೊಸೆ ಬೆದರದಿರಲಿ ಎಂದು ಆದಷ್ಟು ಮೆತ್ತಗೆ! ಸಾರಿಗೆ ಉಪ್ಪು ಸಾಕಾಗಿತ್ತೋ ಇಲ್ಲವೋ, ನನಗಂತೂ ಸಾಕಾಗಿತ್ತು.

ತಾಳವಾಡಿಗೆ ಹೋಗುವ ಬಸ್ಸು ನಮ್ಮೂರ ತಿರುವಿನಲ್ಲಿ ಒಂದು ಗಳಿಗೆ ನಿಂತು ಹೊರಟುಬಿಡುತ್ತದೆ. ಊರಿನವರೆಲ್ಲ ಮುಂಚಿತವಾಗಿ ಹೋಗಿ ಕಾಯುತ್ತಾರೆ. ಅತ್ತೆ ಕಾಯುವುದಿಲ್ಲ. ಜಗಲಿಯಲ್ಲಿ ತಲೆ ಬಾಚಿಕೊಳ್ಳುತ್ತಲೇ ‘ನಿಲ್ಸ್ಲಾ, ಬತ್ತಾ ಇವ್ನಿ!’ ಎನ್ನುತ್ತಾರೆ. ಅಲ್ಲಿ ಬಸ್ಸು ನಿಲ್ಲುತ್ತದೆ. ಹೊಸದಾಗಿ ಬಂದ ತಮಿಳಿನ ಕಂಡಕ್ಟರೊಬ್ಬ, ‘ಈ ಊರಲ್ಲಿ ಯಾರು ಮೈಕ್ ಸೆಟ್ ಇಟ್ಟಿರೋದು?’ ಎಂದು ಕೇಳಿದ್ದುಂಟು. ಅತ್ತೆಗೆ ಅದು ಸನ್ಮಾನ ಮಾಡಿದಷ್ಟು ಖುಷಿ ಕೊಟ್ಟಿತು. ‘ಎಲ್ರುಗೂ ಬಾಯದ ಕನವ್ವ, ನಂಗ ಗಂಟ್ಲದ’ ಎಂದು ಊರೆಲ್ಲ ಹೇಳಿಕೊಂಡು ಬಂದರು. ಹೇಳಿಕೊಂಡು ಬರಲು ಊರೆಲ್ಲ ತಿರುಗಬೇಕಾಗಲಿಲ್ಲ, ಜಗಲಿಯಲ್ಲಿ ನಿಂತು ಒಂದು ಸಲ ಹೇಳಿದರು, ಅಷ್ಟೆ.

ಈಗ ಹಂದಿಗೆ ಬರುತ್ತೇನೆ. ನಮ್ಮ ಹೊಲ ಊರಾಚೆ, ಕಾಡಿನ ಅಂಚಿಗೆ ತಾಗಿಕೊಂಡಿದೆ. ರಾಗಿ ತೆನೆ ಕಟ್ಟಿತೆಂದರೆ ಮೊದಲು ಗೊತ್ತಾಗುವುದು ನಮಗಲ್ಲ, ಹಂದಿಗಳಿಗೆ. ಅವುಗಳ ಹಿಂದೆಯೇ ಆನೆ. ಆ ದಿನಗಳಲ್ಲಿ ಊರಿನ ಗಂಡಸರೆಲ್ಲ ಹೊಲದ ಗುಡಿಸಲಿನಲ್ಲಿ ಕಾವಲು ಮಲಗುತ್ತಾರೆ. ನಮ್ಮ ಮನೆಯ ಗಂಡಸರು ಮಾತ್ರ ಮಲಗುವುದಿಲ್ಲ. ಅತ್ತೆಯ ಒಬ್ಬನೇ ತಮ್ಮ ಹೀಗೆ ಕಾವಲಿಗೆ ಹೋದವನು ಆನೆಯ ಕಾಲಿಗೆ ಸಿಕ್ಕಿ ತೀರಿಹೋದ. ಆವತ್ತಿನಿಂದ ಅತ್ತೆಯದು ಒಂದೇ ಕಾನೂನು. ‘ಬೆಳ ಓದ್ರ ಓಗ್ಲಿ. ಈ ಮನ ಗಂಡಸ್ರು ಒತ್ತು ಮುಳುಗ್ದ ಮ್ಯಾಲ ಒಲಕ್ಕ ಓಗಂಗಿಲ್ಲ.’ ಮಾವನಾಗಲಿ, ಅವರ ಮಗನಾದ ನಮ್ಮವರಾಗಲಿ ಈ ಕಾನೂನು ಮೀರಿದವರಲ್ಲ. ಹೀಗಾಗಿ ವರ್ಷವರ್ಷವೂ ಅರ್ಧ ರಾಗಿ ನಮಗೆ, ಅರ್ಧ ಹಂದಿಗೆ. ಅದು ವರ್ಷವಿಡೀ ಉಣ್ಣುವ ಮುದ್ದೆ ಅಲ್ಲವೇ? ಮಾವ ಸುಗ್ಗಿಯಲ್ಲಿ ಕಣದ ಮುಂದೆ ಖಾಲಿ ಚೀಲ ಮಡಚುತ್ತ ಕೂತಿರುವುದನ್ನು ನಾನೇ ನೋಡಿದ್ದೇನೆ.

ನಮ್ಮವರಿಗೆ ಸತ್ಯಮಂಗಲದ ಮಾರ್ಕೆಟ್ಟಿಗೆ ಟೆಂಪೋದಲ್ಲಿ ಕೋಸು ಸಾಗಿಸುವ ಕೆಲಸ. ಎಲ್ಲರೂ ಸಿ.ಡಿ. ಕಡೆ ತಿರುಗುತ್ತಿದ್ದ ಕಾಲ ಅದು. ಯಾವುದೋ ಹಳೇ ವ್ಯಾನಿನಿಂದ ಕಳಚಿದ ಕ್ಯಾಸೆಟ್ ಸ್ಟೀರಿಯೋ ಒಂದನ್ನು ತಂದರು. ಒಂದು ಬದಿ ಮುಗಿದರೆ ತಾನಾಗಿ ಇನ್ನೊಂದು ಬದಿ ಹಾಡುವಂಥದು. ಅದಕ್ಕೊಂದು ಬ್ಯಾಟರಿ, ಮರದ ಪೆಟ್ಟಿಗೆಯೊಳಗೆ ತಟ್ಟೆಯಗಲದ ಸ್ಪೀಕರು. ಹೊಲದ ಗುಡಿಸಲಿನಲ್ಲಿ ಇಟ್ಟು ಸಿನಿಮಾ ಹಾಡು ಹಾಕಿದರು. ಹಂದಿಗಳು ಒಂದೆರಡು ದಿನ ಅನುಮಾನಪಟ್ಟವು. ಆಮೇಲೆ ಹಾಡಿಲ್ಲದೆ ಊಟ ಸೇರದಂತಾಯಿತು! ಬೆಳಿಗ್ಗೆ ನೋಡಿದರೆ ಸ್ಪೀಕರಿನ ಸುತ್ತಲೇ ಚೆನ್ನಾಗಿ ಮೇಯ್ದಿದ್ದವು, ಮುಂದಿನ ಸಾಲಿನ ಟಿಕೇಟು ತೆಗೆದುಕೊಂಡವರ ಹಾಗೆ.

‘ಅಂದಿಗೊಳ್ಗ ಪಾಟು ಆಕಿ ಕುಣಿಸ್ತಿದ್ದೀಯಲ್ಲ, ಬುದ್ಧಿ ಅದಾ ನಿಂಗ?’ ಎಂದರು ಅತ್ತೆ ಮಗನಿಗೆ. ‘ನನ್ ಬಾಯ ತುಂಬ್ಲಾ ಅದ್ರೊಳಕ್ಕ.’

ನಮ್ಮವರು ಟೇಪ್‌ರೆಕಾರ್ಡರು ತಂದು ಮುಂದೆ ಇಟ್ಟು ಗುಂಡಿ ಒತ್ತಿ, ‘ಬಯ್ಯವ್ವ’ ಎಂದರು. ಅತ್ತೆ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಜೀವಮಾನದಲ್ಲಿ ಮೊದಲ ಸಲ ಮಾತು ಹೊರಡಲಿಲ್ಲ!

‘ಯಾರ್ನ ಬಯ್ಲಿ? ಎದ್ರುಗ ಒಬ್ರು ಇರ್ಬೇಕಲ್ಲ ಕನ್ಲಾ. ಗ್ವಾಡ ನೋಡ್ಕಂಡು ಬಯ್ಯಕ್ಕ ನಂಗೇನ್ ಉಚ್ಚಾ?’

ಇಡೀ ಮನೆ ಮಾವನ ಕಡೆ ತಿರುಗಿತು. ಮಾವ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರು ಎಲೆಯಡಿಕೆಯ ಚೀಲ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎದ್ದು ಬಂದು, ಅತ್ತೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತರು.

‘ಆಕ್ಲಾ ಮಿಸನ್ನ. ನಂಗ ಅಭ್ಯಾಸ ಅದ’ ಎಂದರು.

ಆಮೇಲೆ ಕೇಳಬೇಕೆ? ‘ಯಾವನ್ಲಾ ಅವ್ನು ನನ್ ಒಲಕ್ಕ ಕಾಲಿಟ್ಟೋನು! ನಿಮ್ಮಪ್ಪ ಉತ್ತಿದ್ನಾ, ನಿಮ್ಮವ್ವ ಬಿತ್ತಿದ್ಲಾ?’ ಎಂದು ಶುರುವಾದದ್ದು ಘಾಟಿ ಇಳಿಯುವ ಲಾರಿಯಂತೆ ವೇಗ ಹಿಡಿಯಿತು. ಕ್ಯಾಸೆಟ್ಟಿನ ಒಂದು ಬದಿ ಮುಗಿಯುವ ಹೊತ್ತಿಗೆ ಹಂದಿಯ ವಿಷಯ ಖಾಲಿಯಾಗಿ, ಎದುರಿಗೆ ಕೂತವರ ವಿಷಯಕ್ಕೆ ಅತ್ತೆ ತಾವಾಗಿಯೇ ಬಂದುಬಿಟ್ಟಿದ್ದರು. ಮಾವ ಸಂತೆಯಲ್ಲಿ ಹೊಸ ಕೊಡೆ ಮರೆತು ಬಂದದ್ದು, ತಮ್ಮ ತಂಗಿಯ ಮದುವೆಯಲ್ಲಿ ಅತ್ತೆಯ ತವರಿನವರಿಗೆ ಎರಡನೇ ಪಂಕ್ತಿಯಲ್ಲಿ ಊಟ ಹಾಕಿಸಿದ್ದು, ಎಲ್ಲವೂ ದಾಖಲಾಯಿತು. ಹೊಲದಲ್ಲಿ ಇದನ್ನು ಹಾಕಿದ ಮೊದಲ ದಿನವೇ ಹಂದಿಗಳು ಪರಾರಿ! ಕೊಡೆ ಮರೆತು ಬಂದದ್ದು ತಾವೇ ಎಂಬಂತೆ ಬಾಲ ಎತ್ತಿಕೊಂಡು ಓಡಿದವು. ಆನೆ ಹೆದರಿತೋ ಇಲ್ಲವೋ ಆನೆಯನ್ನೇ ಕೇಳಬೇಕು, ನಮ್ಮ ಹೊಲಕ್ಕಂತೂ ಬರಲಿಲ್ಲ. ಆ ವರ್ಷ ಪೂರ್ತಿ ರಾಗಿ ಮನೆಗೆ ಬಂತು. ಮಾವನೂ ನಮ್ಮವರೂ ಮನೆಯಲ್ಲೇ ಬೆಚ್ಚಗೆ ಮಲಗಿದರು. ಸಂಜೆ ಹೊತ್ತು ಜಗಲಿಯಲ್ಲಿ ಕೂತು, ದೂರದ ಹೊಲದಿಂದ ಬರುವ ತಮ್ಮ ಬೈಗುಳವನ್ನು ತಾವೇ ಕೇಳುತ್ತ, ಸಂಗೀತದ ಮೇಷ್ಟರ ಹಾಗೆ ಅತ್ತೆ ತಲೆಯಾಡಿಸುತ್ತಿದ್ದರು. ‘ಇಲ್ಲೊಸಿ ಎಳ್ದು ಬಯ್ಬೇಕಾಗಿತ್ತು ಕನವ್ವ’ ಎಂದು ತಪ್ಪು ಹುಡುಕುವುದೂ ಇತ್ತು.

ಸುಗ್ಗಿ ಮುಗಿದ ಮೇಲೆ ಪೆಟ್ಟಿಗೆಯನ್ನು ಮನೆಗೆ ತಂದು ಪಡಸಾಲೆಯ ಮೂಲೆಯಲ್ಲಿ ಇಟ್ಟೆವು. ಅದರ ಹಿಂಬದಿಯ ಹಲಗೆ ಕಳಚಿಕೊಂಡಿತ್ತು. ನಮ್ಮ ಮನೆಯ ಕೆಂದ ಕೋಳಿ ಅದನ್ನು ನೋಡಿತು. ಕತ್ತಲೆ, ಬೆಚ್ಚಗೆ, ಯಾರ ಕಾಟವೂ ಇಲ್ಲ. ಒಳಗೆ ಹೋಗಿ ಮೊಟ್ಟೆಯಿಟ್ಟು ಕಾವಿಗೆ ಕೂತೇಬಿಟ್ಟಿತು. ತೆಗೆಯೋಣವೆಂದರೆ ಅತ್ತೆ ನನ್ನನ್ನು ಹತ್ತಿರ ಬಿಡಲಿಲ್ಲ. ‘ಕಾವ್ಗ ಕೂತಿರ ಕೋಳಿಯ ಎಬ್ಬುಸ್ಬಾರ್ದು. ಬಾಣ್ತಿ ಅದು.’ ಹೀಗೆ ಲೋಕದಲ್ಲಿ ಮೊದಲ ಬಾರಿಗೆ ಒಂದು ಸ್ಪೀಕರು ಬಾಣಂತಿಕೋಣೆಯಾಯಿತು. ಮೊಟ್ಟೆ ಒಡೆದು ಮರಿಗಳಾದವು. ಉಳಿದ ಮರಿಗಳೆಲ್ಲ ತಾಯಿ ಬಂದ ದಾರಿಯಲ್ಲೇ ಹಿಂದಿನಿಂದ ಹೊರಬಿದ್ದರೆ, ಒಂದು ಮಾತ್ರ ತನ್ನ ದಾರಿ ತಾನೇ ಮಾಡಿಕೊಂಡು ಸ್ಪೀಕರಿನ ಮುಂಭಾಗದಿಂದ ತಲೆ ಹಾಕಿತು! ಅತ್ತೆಗೆ ಅದರ ಮೇಲೆ ವಿಶೇಷ ಪ್ರೀತಿ. ‘ಸೌಂಡ್ ಜೊತ್ಗೇ ಉಟ್ಟದ ಇದು’ ಎಂದು ಬಂದವರಿಗೆಲ್ಲ ತೋರಿಸಿದರು. ಆ ಮರಿ ಯಾವ ಬಾಗಿಲು ತೆಗೆದುಕೊಂಡು ಬಂತು ಎಂದು ನಾವ್ಯಾರೂ ಯೋಚಿಸಲಿಲ್ಲ.

ಗೊತ್ತಾದದ್ದು ಮರುವರ್ಷ ರಾಗಿ ತೆನೆ ಬಲಿಯುವಾಗ. ನಮ್ಮವರು ಕೋಸಿನ ಲೋಡು ತೆಗೆದುಕೊಂಡು ಕೇರಳದ ಕಡೆ ಹೋಗಿದ್ದರು, ಒಂದು ವಾರ ಬರುವಂತಿರಲಿಲ್ಲ. ನಾನೇ ವೈರು ಸಿಕ್ಕಿಸಿ ಕ್ಯಾಸೆಟ್ ಹಾಕಿದೆ. ‘ಯಾವನ್ಲಾ’ ಎನ್ನಬೇಕಾದ ಕಡೆ ‘ಗೊರ್ ಗೊರ್ ಗೊರ್’ ಎಂದಿತು. ಸ್ಪೀಕರಿನೊಳಗೆ ಕಪ್ಪು ಕಾಗದದ ಬಟ್ಟಲಿನಂಥದ್ದು ಇರುತ್ತದಲ್ಲ, ಕೋನ್ ಅನ್ನುತ್ತಾರೆ, ಅದು ಅದುರಿದರೇ ಸದ್ದು. ಅದರಲ್ಲಿ ಕೋಳಿಮರಿಯ ಗಾತ್ರದ ತೂತು. ತೂತಿನಿಂದ ಅಂಚಿನವರೆಗೂ ಒಂದು ಸೀಳು.

ಅತ್ತೆ ಎದೆ ಹಿಡಿದುಕೊಂಡರು. ‘ನನ್ ಗಂಟ್ಲು ಇಂಗಾಗೋಯ್ತಾ?’

ಪೆಟ್ಟಿಗೆ ಹೊತ್ತುಕೊಂಡು ಇಬ್ಬರೂ ತಾಳವಾಡಿಯ ರೇಡಿಯೋ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಟಾರ್ಚು ಬಿಟ್ಟು ನೋಡಿ, ಒಳಗಿದ್ದ ಒಂದು ಪುಕ್ಕವನ್ನು ಎಳೆದು ತೆಗೆದು, ನಮ್ಮಿಬ್ಬರ ಮುಖವನ್ನೂ ನೋಡಿದ. ‘ಕೋನು ಪೋಚ್ಚುಮ್ಮಾ’ ಎಂದು ತಲೆಯಾಡಿಸಿದ. ಹೋಯಿತು, ಹೊಸದೇ ಹಾಕಬೇಕು, ಕೊಯಮತ್ತೂರಿನಿಂದ ಬರಬೇಕು, ಮುಂದಿನ ವಾರ ಬಂದು ಕೇಳಿ ಅಂತ.

‘ಮುಂದ್ಲ ವಾರ್ಕ ನಮ್ ರಾಗಿ ಅಂದಿ ಒಟ್ಟೇಲಿರ್ತದ. ಆಗ ನಿನ್ ಕೋನ ಅಂದಿಗೇ ಕಟ್ಬೇಕು’ ಎಂದರು ಅತ್ತೆ. ಅಂಗಡಿಯಲ್ಲಿದ್ದ ರೇಡಿಯೋಗಳೆಲ್ಲ ಒಮ್ಮೆಗೇ ಸುಮ್ಮನಾದಂತೆ ಅನ್ನಿಸಿತು ನನಗೆ.

ಊರಿನಲ್ಲಿ ಇನ್ನೊಂದು ಸ್ಪೀಕರು ಇದ್ದದ್ದು ಭಜನೆ ಮನೆಯದು. ಕೇಳಿದರೆ ಕೊಡುತ್ತಿದ್ದರು. ಅತ್ತೆ ಕೇಳಲು ಒಪ್ಪಲಿಲ್ಲ. ‘ದೇವ್ರ ಪೆಟ್ಗೇಲಿ ಕುಂತ್ಕಂಡು ನಾನು ಅಪ್ಪ ಅವ್ವ ಎತ್ತಿ ಬಯ್ಯದಾ? ಬಾಯ್ಗ ಉಳ ಬಿದ್ದದು!’ ಎಂದರು. ಬದಲಿಗೆ ಸಂಜೆ ತಾವೇ ಹಿತ್ತಲಿನ ಬೇಲಿಯ ಹತ್ತಿರ ನಿಂತು ಹೊಲದ ಕಡೆ ಕೂಗಿದರು. ಒಂದು ಸಂಜೆಗೇ ಗಂಟಲು ಕಟ್ಟಿತು. ಈಗ ಮನೆಯಲ್ಲಿ ಎರಡು ಗೊರಗೊರ.

ಆಗ ಮಾವ ಬಾಯಿಬಿಟ್ಟರು. ‘ನಾನೇ ಓಯ್ತೀನಿ ಗುಡ್ಲಿಗ.’

‘ನನ್ ಎಣದ್ ಮ್ಯಾಲ ಓಗಿ’ ಎಂದರು ಅತ್ತೆ ಕಟ್ಟಿದ ಗಂಟಲಲ್ಲೇ.

‘ಕಂಡೂ ಕಂಡೂ ಅನ್ನವ ಬುಟ್ಬುಡಕಾದದಾ? ಸ್ವಾಮಾರ ಸಂಜಗಂಟ ನೋಡ್ತೀನಿ. ಪೆಟ್ಗ ಮಾತಾಡುದ್ರ ಸರಿ. ಇಲ್ದಿದ್ರ ನಾನು ಒಂಟೆ.’

ಮಾವ ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಆವತ್ತೇ ಕೇಳಿದ್ದು. ಆಡಿದ ಮೇಲೆ ಅವರು ಬದಲಾಯಿಸುವುದಿಲ್ಲ. ಅತ್ತೆಗೂ ಅದು ಗೊತ್ತು. ಬಯ್ಯಲಿಲ್ಲ, ಅಳಲಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ನಮ್ಮ ಕಡೆ ಮೊರ ಸವೆದು ತೂತಾದರೆ ಎಸೆಯುವುದಿಲ್ಲ. ಹಳೇ ಕಾಗದ ನೆನೆಹಾಕಿ, ಮೆಂತ್ಯ ಸೇರಿಸಿ ಒರಳಲ್ಲಿ ನುಣ್ಣಗೆ ರುಬ್ಬಿ, ಮೊರಕ್ಕೆ ಮೆತ್ತಿ ಒಣಗಿಸುತ್ತಾರೆ. ಮೊರ ಕಲ್ಲಿನಂತಾಗುತ್ತದೆ. ಈ ವಿದ್ಯೆಯಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರಿಲ್ಲ, ಸುತ್ತಲ ಊರಿನವರು ಮೊರ ತಂದು ಇವರ ಕೈಲಿ ಮೆತ್ತಿಸಿಕೊಂಡು ಹೋಗುತ್ತಾರೆ. ‘ಕಾಗ್ದ ಅರ್ದೋದ್ರ ಕಾಗ್ದ ಮೆತ್ತದು. ಇದ್ಕ ಕೊಯಮತ್ತೂರ್ನೋನ ಯಾಕ ಕಾಯದು?’ ಎಂದರು. ಒಳ್ಳೇ ಕಾಗದ ಬೇಕೆಂದು ಹುಡುಕಿದಾಗ ಸಿಕ್ಕಿದ್ದು ಹಂಚಿ ಉಳಿದಿದ್ದ ನಮ್ಮ ಮದುವೆಯ ಲಗ್ನಪತ್ರಿಕೆಗಳ ಕಟ್ಟು. ನನ್ನ ಹೆಸರು, ನಮ್ಮವರ ಹೆಸರು, ಶುಭಮುಹೂರ್ತ, ಸುಖಾಗಮನ ಬಯಸುವವರು, ಎಲ್ಲರೂ ಒರಳಿಗೆ ಬಿದ್ದು ಮೆಂತ್ಯದೊಂದಿಗೆ ಒಂದಾದೆವು. ಇಷ್ಟು ನುಣ್ಣಗೆ ಬೆರೆತ ದಾಂಪತ್ಯ ಇನ್ನೆಲ್ಲಿದೆ ಹೇಳಿ!

ಬಿಸಿಲಿಗೆ ಒಣಗಿದ ಕೋನ್ ನೋಡಲು ಎರಡು ಕಣ್ಣು ಸಾಲದು. ರಾಗಿ ಕೇರಬಹುದಿತ್ತು ಅದರಲ್ಲಿ. ಕ್ಯಾಸೆಟ್ ಹಾಕಿದೆ. ಗೊರಗೊರ ಹೋಗಿತ್ತು ನಿಜ. ಆದರೆ ಅತ್ತೆಯ ಧ್ವನಿ ಬಾವಿಯ ತಳದಲ್ಲಿ ಕೂತು, ಬಾಯಿಗೆ ಮುದ್ದೆ ಇಟ್ಟುಕೊಂಡು, ಬಲು ಮರ್ಯಾದೆಯಿಂದ ಯಾರನ್ನೋ ವಿಚಾರಿಸಿಕೊಳ್ಳುತ್ತಿರುವಂತೆ ಕೇಳಿಸಿತು. ಮನೆ ತುಂಬ ಮೆಂತ್ಯದ ವಾಸನೆ ಬೇರೆ. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

‘ಇಷ್ಟ್ ಮೆಲ್ಗ ನೀನು ಯಾವತ್ತೂ ಮಾತಾಡಿಲ್ಲ ಕನಮ್ಮಿ. ಇಂಗೇ ಇರ್ಲಿ ಬುಡು’ ಎಂದರು.

ಅತ್ತೆ ಕೈಗೆ ಸಿಕ್ಕ ಮೊರ ಎತ್ತಿಕೊಂಡರು, ಮಾವ ಹಿತ್ತಲ ದಾರಿ ಹಿಡಿದರು.

ಮೆತ್ತಿದ್ದನ್ನು ನೀರು ಹಚ್ಚಿ ಹಚ್ಚಿ ಬಿಡಿಸಿದ್ದಾಯಿತು. ಎರಡನೇ ಸಲ ಮೈದಾ ಅಂಟು ಕಾಯಿಸಿ, ತೆಳ್ಳನೆಯ ಕಾಗದ ಅಂಟಿಸಿ ಅಂಗಳದಲ್ಲಿ ಒಣಗಲು ಇಟ್ಟರು. ನಾವಿಬ್ಬರೂ ಹೆಮ್ಮೆಯಿಂದ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಕರು ಹಗ್ಗ ಬಿಚ್ಚಿಕೊಂಡಿತ್ತು. ತಾಳವಾಡಿಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರುಗಳು ಯಾಕೆ ಉಳಿಯುವುದಿಲ್ಲ ಅಂತ ದನ ಸಾಕಿದವರಿಗೆಲ್ಲ ಗೊತ್ತು. ಗೊತ್ತಿದ್ದೂ ಗೊತ್ತಿದ್ದೂ ನಾವು ಕರುವಿನ ಮುಂದೆ ತಿಂಡಿ ಇಟ್ಟು ಹೋಗಿದ್ದೆವು! ತೇಪೆಯನ್ನು ಸುಲಿದು ತಿಂದು, ಕೋನಿನ ಅಂಚನ್ನೂ ಒಂದಿಷ್ಟು ರುಚಿ ನೋಡಿ, ಮೂತಿಗೆಲ್ಲ ಮೈದಾ ಮೆತ್ತಿಕೊಂಡು ನಮ್ಮನ್ನು ನೋಡುತ್ತ ನಿಂತಿತ್ತು. ಅತ್ತೆಗೆ ಬಯ್ಯಲು ಗಂಟಲಿರಲಿಲ್ಲ. ಕರುವಿನ ಪುಣ್ಯ.

ಅದೇ ದಿನ ಮಧ್ಯಾಹ್ನ ಪಕ್ಕದ ಹೊಲದವರು ಬಂದು, ಹಂದಿ ಹಿಂಡು ತಮ್ಮ ರಾಗಿಗೆ ಇಳಿದು ಒಂದು ಮೂಲೆ ಪೂರ್ತಿ ಉರುಳಾಡಿ ಹೋಗಿದೆ, ಆನೆಯ ಲದ್ದಿಯೂ ಕಂಡಿತು ಎಂದು ಹೇಳಿದರು. ಮಾವ ಕೇಳಿಸಿಕೊಂಡರು. ಟಾರ್ಚಿಗೆ ಹೊಸ ಸೆಲ್ಲು ಹಾಕಿದರು. ಅಟ್ಟದಿಂದ ಕಂಬಳಿ ಇಳಿಸಿ ಬಿಸಿಲಿಗೆ ಕೊಡವಿದರು. ಅತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ, ಊಟವನ್ನೂ ಮಾಡಲಿಲ್ಲ. ಮರುದಿನವೇ ಸೋಮವಾರ.

‘ಕ್ಯಾಸೆಟ್ಟು ಆಕವ್ವ, ಮೆಲ್ಗ ಆಕು’ ಎಂದರು ನನಗೆ. ಹಾಕಿದೆ. ಅತ್ತೆ ಕಣ್ಣು ಮುಚ್ಚಿ, ಕೂಸಿನ ನೆತ್ತಿ ಮುಟ್ಟುವ ಹಾಗೆ, ಹರಿದ ಕೋನಿನ ಮೇಲೆ ಬೆರಳ ತುದಿ ಇಟ್ಟರು. ಅಂಚಿಗೆ ಇಟ್ಟರು, ನಡುವೆ ಇಟ್ಟರು.

‘ಅಯ್ಯೋ! ಇದು ಉಸ್ರಾಡ್ತದ ಕನವ್ವ!’ ಎಂದರು ಕಣ್ಣು ಬಿಟ್ಟು. ‘ಮೊರ ಅಲ್ಲಾಡ್ಬಾರ್ದು. ಇದು ಅಲ್ಲಾಡ್ಬೇಕು. ನಾನು ಇದ್ರ ಎದ ಮ್ಯಾಲ ಕಲ್ಲು ಏರ್ಬುಟ್ಟಿದ್ದಿ!’

‘ಹೌದು ಅತ್ತೆ, ಸದ್ದು ಅಂದರೆ ಕಂಪನ ಅಂತ ನಮಗೆ ಸ್ಕೂಲಲ್ಲೇ ಹೇಳಿಕೊಟ್ಟಿದ್ದರು’ ಎಂದೆ.

‘ಮದ್ಲೇ ಬಾಯ್ ಬುಡಕ್ಕ ಏನಾಗಿತ್ತು ನಿಂಗ?’ ಎಂದರು. ಆ ಮನೆಯಲ್ಲಿ ಬಾಯಿಬಿಡಲು ನನಗೆ ಸರದಿ ಯಾವಾಗ ಬಂದಿತ್ತು, ನೀವೇ ಹೇಳಿ!

ಸಂಜೆಯೊಳಗೆ ಹೊಲದಂಚಿನ ಬೇಲದ ಮರದಿಂದ ಅಂಟು ಕಿತ್ತು ತಂದು ನೀರಿಗೆ ಹಾಕಿದರು. ಸೋಮವಾರ ಬೆಳಿಗ್ಗೆ ಅದನ್ನು ಬಟ್ಟೆಯಲ್ಲಿ ಸೋಸಿದರೆ ಮಜ್ಜಿಗೆಗಿಂತ ತೆಳು, ಒಣಗಿದರೆ ಗಾಜು. ಮೈದಾ ಅಲ್ಲವಾದ್ದರಿಂದ ಕರುವಿನ ಭಯವೂ ಕಡಿಮೆ. ಆದರೂ ಈ ಸಲ ಅದಕ್ಕೆ ಎರಡು ಹಗ್ಗ ಬಿಗಿದರು. ತೇಪೆಗೆ ಬಟ್ಟೆ ಬೇಕು, ತೂಕ ಇರಬಾರದು, ಬಗ್ಗಬೇಕು. ಅತ್ತೆಯ ಕಣ್ಣು ಮನೆಯೆಲ್ಲ ಸುತ್ತಿ ಬಂದು ಮಾವನ ಪಂಚೆಯ ಮೇಲೆ ನಿಂತಿತು. ಉಟ್ಟು ಉಟ್ಟು ಸವೆದು ಈರುಳ್ಳಿ ಸಿಪ್ಪೆಯಂತಾಗಿತ್ತು.

‘ಅದ್ನ ಕೊಡಿ ಇಲ್ಲಿ.’

‘ಪೂರ್ತಿಯಾ?’ ಎಂದರು ಮಾವ ಗಾಬರಿಯಿಂದ.

ಒಂದು ಮೂಲೆ ಸಾಕಾಯಿತು. ಅದನ್ನು ಚಿಕ್ಕಚಿಕ್ಕದಾಗಿ ಹರಿದರು. ಕತ್ತರಿಸಲಿಲ್ಲ. ಕತ್ತರಿಸಿದರೆ ಅಂಚು ದಪ್ಪ ನಿಲ್ಲುತ್ತದೆ, ಹರಿದರೆ ಎಳೆ ಬಿಟ್ಟುಕೊಂಡು ಕಾಗದದಲ್ಲಿ ಮಲಗುತ್ತದೆ ಅಂತ. ಅಂಟು ಹಚ್ಚಲು ಅದೇ ಕೆಂದ ಕೋಳಿಯ ಪುಕ್ಕ. ‘ಅರ್ದೋಳ ಪುಕ್ದಲ್ಲೇ ಒಲಿಯದು!’ ಎಂದು ಅತ್ತೆ ಆ ಆತಂಕದಲ್ಲೂ ನಕ್ಕರು. ಸೀಳಿನ ಉದ್ದಕ್ಕೂ ಹಿಂದೊಂದು ಮುಂದೊಂದು ತೇಪೆ, ಕೋಳಿಮರಿಯ ಬಾಗಿಲಿಗೆ ಎರಡು ಪದರ, ಕರು ಕಚ್ಚಿದ ಅಂಚಿಗೆ ಮಡಿಕೆ ಬಿಟ್ಟು ಸಡಿಲವಾಗಿ. ಮಾಡಿದ್ದೆಲ್ಲ ಉಸಿರು ಬಿಗಿಹಿಡಿದು. ಸದಾ ಗದ್ದಲದ ಆ ಹೆಂಗಸು ಇಷ್ಟು ನಿಶ್ಶಬ್ದವಾಗಿ ಇಷ್ಟು ಹೊತ್ತು ಇದ್ದದ್ದು, ಆ ದಪ್ಪ ಬೆರಳುಗಳು ಇಷ್ಟು ಹಗುರಾಗಿ ಆಡಿದ್ದು ನಾನು ಆವತ್ತೇ ಕಂಡದ್ದು. ಅಂಗಡಿಯವನು ಕೈಬಿಟ್ಟದ್ದನ್ನು ನಮ್ಮ ಅತ್ತೆ ಹಿಡಿದು ಕೂತಿದ್ದರು. ನನಗೆ ಹೆಮ್ಮೆಯಾಯಿತು. ಅದನ್ನು ಆಗ ಅವರಿಗೆ ಹೇಳಲೂ ಹೇಳಿದೆ. ‘ಆಮ್ಯಾಲ ಒಗ್ಳುವಂತೆ, ಮೊರ ಬೀಸು’ ಎಂದರು.

ಬಿಸಿಲು ಇಳಿಯಿತು. ಅಂಟು ಇನ್ನೂ ಕೈಗೆ ತುಸು ಹತ್ತುತ್ತಿತ್ತು. ನಾನು ಬೀಸಿದೆ, ಅವರು ಊದಿದರು. ಮಾವ ಹೆಗಲಿಗೆ ಕಂಬಳಿ ಹಾಕಿ, ದೊಣ್ಣೆ ಟಾರ್ಚು ಹಿಡಿದು ಜಗಲಿಯಿಂದ ಇಳಿದರು.

‘ಬತ್ತೀನಿ ಕನಮ್ಮಿ’ ಎಂದರು.

ಅತ್ತೆ ಪೆಟ್ಟಿಗೆಯನ್ನು ಎತ್ತಿ ಸಿಂಬಿಯ ಮೇಲೆ ಇಟ್ಟುಕೊಂಡು ಮಾವನನ್ನು ದಾಟಿಕೊಂಡು ನಡೆದೇಬಿಟ್ಟರು!

‘ಎಲ್ಲಿಗಮ್ಮಿ?’

‘ಒಲಕ್ಕ. ನೀವ್ ಬತ್ತಾ ಇವ್ರಿ ಅಂತ ಅಂದಿಗೊಳ್ಗ ಯೋಳ್ಬುಟ್ ಬರಕ್ಕ.’

ನಾನು ಸ್ಟೀರಿಯೋ ಎತ್ತಿಕೊಂಡು ಹಿಂದೆ ಓಡಿದೆ. ಬ್ಯಾಟರಿ ಹೊರಲು ಇನ್ಯಾರೂ ಇರಲಿಲ್ಲವಾಗಿ, ಕಾವಲಿಗೆ ಹೊರಟ ಮಾವನೇ ಅದನ್ನು ಹೊತ್ತು ತಂದರು. ಗುಡಿಸಲಿನಲ್ಲಿ ಪೆಟ್ಟಿಗೆ ಇಟ್ಟು ವೈರು ಸಿಕ್ಕಿಸಿದೆ. ಗುಡ್ಡದ ಹಿಂದೆ ಸೂರ್ಯ ಇನ್ನೇನು ಇಳಿಯುವುದರಲ್ಲಿದ್ದ. ಅತ್ತೆ ಕೊನೆಯ ಸಲ ಕೋನನ್ನು ಮುಟ್ಟಿ ನೋಡಿ, ಕೈಮುಗಿದು, ‘ಆಕು’ ಎಂದರು.

‘ಯಾವನ್ಲಾ ಅವ್ನು!’

ಅಬ್ಬಾ! ಆ ಧ್ವನಿ ಹೊರಟಿತು ನೋಡಿ! ಮರದಲ್ಲಿದ್ದ ನವಿಲುಗಳು ಒಟ್ಟಿಗೆ ಹಾರಿದವು. ‘ನನ್ ಒಲಕ್ಕ ಕಾಲಿಟ್ಟೋನು! ನಿಮ್ಮಪ್ಪ ಉತ್ತಿದ್ನಾ!’ ಎದುರು ಗುಡ್ಡ ಅದನ್ನು ಎರಡನೇ ಸಲ ಕೇಳಿತು. ‘ಲಾ’ ಎನ್ನುವಲ್ಲಿ ಮಾತ್ರ ತೇಪೆ ಸಣ್ಣಗೆ ಝೇಂಕರಿಸಿ, ಬೈಗುಳಕ್ಕೆ ಹಿಂದೆಂದೂ ಇಲ್ಲದ ಒಂದು ಖಾರ ಸೇರಿಕೊಂಡಿತ್ತು. ಬೇಲಿಯಾಚೆ ಲಂಟಾನದ ಪೊದೆ ಅಲ್ಲಾಡಿತು. ಏನೋ ಗುಟುರು ಹಾಕಿ, ಒಂದರ ಹಿಂದೆ ಒಂದು, ಕಾಡಿನೊಳಕ್ಕೆ ನುಗ್ಗಿ ಓಡಿದ ಸದ್ದು ಮೂವರಿಗೂ ಕೇಳಿಸಿತು. ನಾನು ಚಪ್ಪಾಳೆ ತಟ್ಟಿ ಕುಣಿದೇಬಿಟ್ಟೆ. ಈ ಗಂಟಲಿನ ಸೊಸೆ ನಾನು! ಕೊಯಮತ್ತೂರಿಗೆ ಕೇಳಿಸಲಿ!

ಅತ್ತೆ ಈಗ ಶುರು ಮಾಡುತ್ತಾರೆ, ಇನ್ನೊಂದು ತಿಂಗಳು ಇದೇ ಕಥೆ, ಬಸ್ಸಿನ ಕಂಡಕ್ಟರಿಗೂ ಬಿಡುವಿಲ್ಲ ಅಂದುಕೊಂಡು ತಿರುಗಿದೆ. ಅತ್ತೆ ಸ್ಪೀಕರಿನ ಕಡೆ ನೋಡುತ್ತಲೂ ಇರಲಿಲ್ಲ. ಮಾವನ ಹತ್ತಿರ ಹೋಗಿ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ತಮ್ಮ ತೋಳಿನ ಮೇಲೆ ಹಾಕಿಕೊಂಡರು. ಆಮೇಲೆ ಮಾವನ ಕೈ ಹಿಡಿದರು. ಹಗ್ಗ ಬಿಚ್ಚಿಕೊಂಡ ಕರುವನ್ನು ಹಿಡಿದಂತೆ ಬಿಗಿಯಾಗಿ ಹಿಡಿದರು. ಹಂದಿಯನ್ನು ಓಡಿಸುವ, ಬಸ್ಸನ್ನು ನಿಲ್ಲಿಸುವ ಈ ಹೆಂಗಸು ಇಷ್ಟು ದಿನ ಎಷ್ಟು ಹೆದರಿಕೊಂಡಿದ್ದರು ಎನ್ನುವುದು ಆ ಕೈ ನೋಡಿದಾಗಲೇ ನನಗೆ ಪೂರ್ತಿ ತಿಳಿದದ್ದು. ನನ್ನ ಕಣ್ಣು ತುಂಬಿ ಬಂತು.

ರಾಗಿ ಹೊಲದ ಬದು ಬಲು ಕಿರಿದು, ಇಬ್ಬರು ಜೊತೆಗೆ ನಡೆಯಲಾಗುವುದಿಲ್ಲ. ಅತ್ತೆ ಮುಂದೆ, ಮಾವ ಹಿಂದೆ. ಕೈ ಮಾತ್ರ ಹಾಗೆಯೇ ಇತ್ತು. ಮಾವ ಹಿಂದಿರುಗಿ ನನ್ನನ್ನು ನೋಡಿ ಸಂಕೋಚಪಟ್ಟರು.

‘ಬುಡಮ್ಮಿ. ಸೊಸ ನೋಡ್ತಾವ್ಳ.’

‘ನೋಡ್ಲಿ’ ಎಂದರು ಅತ್ತೆ. ‘ಇವತ್ತು ನಾನು ಬುಡಕ್ಕಿಲ್ಲ.’

ಮನೆಯ ಬಾಗಿಲು ಬರುವವರೆಗೂ ಬಿಡಲಿಲ್ಲ.